ಗೊ, ಹೇ, ಕೇ

ಮೊನ್ನೆ ಆಫೀಸಿನಿಂದ ಒಂದು ಫಾರ್ಮ್ ಬಂತು. ಸಿಸ್ಟರ್ ತೀರಿಕೊಂಡರಲ್ಲ, ಕಂಪನಿಯ ತಿಂಗಳ ಪತ್ರಿಕೆಯಲ್ಲಿ ಅವರ ಬಗ್ಗೆ ಅರ್ಧ ಪುಟ ಹಾಕುತ್ತಾರಂತೆ. 'ನೀವು ಅವರ ಜೊತೆ ಓಡಾಡಿದವರು, ನೀವೇ ತುಂಬಿಕೊಟ್ಟರೆ ಚೆನ್ನಾಗಿರುತ್ತೆ' ಎಂದು ಸವಿಯಾಗಿ ಬರೆದಿದ್ದಾರೆ. ಹುಟ್ಟೂರು, ಓದು, ಮನೆಯವರು, ಹವ್ಯಾಸ, ಅವರು ಹೇಳುತ್ತಿದ್ದ ಒಂದು ಸ್ಫೂರ್ತಿಯ ಮಾತು, ಕೊನೆಗೆ ಫಾರ್ಮ್ ತುಂಬಿದವರ ಹೆಸರು. ಪ್ರತಿಯೊಂದರ ಪಕ್ಕದಲ್ಲೂ ಒಂದು ಕೆಂಪು ನಕ್ಷತ್ರ ಇದೆ. ಅದಿದ್ದರೆ ಆ ಜಾಗವನ್ನು ಖಾಲಿ ಬಿಡುವಂತಿಲ್ಲ. ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ.

ಆ ಕೆಂಪು ನಕ್ಷತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಎಂದು ಹೇಳಬೇಕಾದರೆ ಸಿಸ್ಟರ್ ಯಾರು ಎಂದು ಹೇಳಬೇಕು. ಅರ್ಧ ಪುಟದಲ್ಲಿ ಮುಗಿಯುವ ಮಾತಲ್ಲ, ಪತ್ರಿಕೆಯವರು ಹಾಕುವ ಮಾತೂ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ನನಗೆ ಗೊತ್ತು, ಆದರೆ ಅದನ್ನು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ಇದೆ. ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಅಲ್ಲಿ ಸಿಸ್ಟರ್ ಆಗಿದ್ದರು. ಡಾಕ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು. ಸಿಸ್ಟರ್ ಮಾತ್ರ ಇರುತ್ತಿದ್ದರು. ಕೆ.ಆರ್.ಪುರಂ ದಾಟಿದ ಮೇಲೆ ಸಿಗುವ ಒಂದು ಹಳೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ವೈರ್ ಬುಟ್ಟಿ, ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಎದುರಿಗಿದ್ದವರಿಗೆ ಗೊತ್ತಾಗದ ಹಾಗೆ ಗಂಟೆ ನೋಡುವುದು ಅವರ ಅಭ್ಯಾಸ. ಗಡಿಯಾರ ನೋಡುವ ನರ್ಸಿನ ಮುಂದೆ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದರು.

ಹಲಸೂರಿನ ಕಡೆಯಿಂದ ಬಂದ ತಮಿಳು ಹೆಂಗಸರಿಗೆ "ಬಯಪ್ಪಡಾದೀಂಗ", ಗಲ್ಲಿಯ ಮುಸ್ಲಿಂ ಹೆಂಗಸರಿಗೆ "ಡರೋ ನಕ್ಕೋ", ನಮ್ಮಂಥವರಿಗೆ "ಹೆದರ್ಕೋಬೇಡಮ್ಮ". ಮೂರು ಭಾಷೆಯಲ್ಲೂ ಅವರು ಮೊದಲು ಹೇಳುತ್ತಿದ್ದದ್ದು ಅದನ್ನೇ. ಹೇಳುವಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ. ಬೈಯುವ ದನಿಯಲ್ಲೇ ಧೈರ್ಯ ಹೇಳುವುದು ಅವರಿಗೆ ಬರುತ್ತಿತ್ತು.

ನಾನು ಹಾವೇರಿ ಕಡೆಯವಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಇಂದಿರಾನಗರದ ಒಂದು ಕಂಪನಿ ಸೇರಿದೆ. ಹಳೆಯ ಬಂಗಲೆಯನ್ನು ಆಫೀಸು ಮಾಡಿಕೊಂಡಿದ್ದಾರೆ. ಪಕ್ಕದ ಬಂಗಲೆ ಪಬ್ ಆಗಿದೆ. ಕಂಪನಿ ಆಸ್ಪತ್ರೆಗಳಿಗೆ ಲೆಕ್ಕ ಮಾಡಿಕೊಡುತ್ತದೆ. ಧರ್ಮಾಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯ ಶಿಬಿರ ಶುರುವಾದಾಗ ಅದರ ಲೆಕ್ಕ ನನ್ನ ಪಾಲಿಗೆ ಬಂತು. ಬಂದ ಹೆಂಗಸರನ್ನೆಲ್ಲ ವರ್ಷ ವರ್ಷ ಕರೆದು ನೋಡಲು ಅಂಥ ಸಣ್ಣ ಆಸ್ಪತ್ರೆಯ ಕೈಲಾಗುವುದಿಲ್ಲ. ಯಾರು ಐದು ವರ್ಷ ಕಾಯಬಹುದು, ಯಾರು ಮುಂದಿನ ವರ್ಷವೇ ಬರಬೇಕು ಎಂದು ಅವರವರ ಪೂರ್ವಕಥೆ ನೋಡಿ ಹೇಳುವ ಒಂದು ಮಾಡೆಲ್, ಅಂದರೆ ಕಂಪ್ಯೂಟರಿನ ಲೆಕ್ಕ, ಕಟ್ಟಬೇಕಿತ್ತು. ತಾಯಿಗೆ ಇತ್ತೇ, ಅಕ್ಕತಂಗಿಯರಿಗೆ ಇತ್ತೇ, ಹಿಂದೆ ಗಂಟು ಕಾಣಿಸಿತ್ತೇ, ನೋವಿತ್ತೇ, ಬೇರೆಲ್ಲಾದರೂ ತೋರಿಸಿದ್ದರೇ, ಔಷಧಿ ತೆಗೆದುಕೊಂಡಿದ್ದರೇ, ಹೀಗೆ ಆರು ಪ್ರಶ್ನೆ. ಉತ್ತರ ಸಿಕ್ಕರೆ ಲೆಕ್ಕ ಸುಲಭ. ಉತ್ತರ ಸಿಗದಿದ್ದಾಗ ಏನು ಮಾಡಬೇಕು ಎಂಬುದೇ ಈ ವಿದ್ಯೆಯ ಕಷ್ಟದ ಭಾಗ. ಅದರ ಮೇಲೆ ಪರೀಕ್ಷೆಯಲ್ಲಿ ನಾನು ನಾಲ್ಕು ಪುಟ ಉತ್ತರ ಬರೆದು ಒಳ್ಳೆಯ ಅಂಕ ತೆಗೆದವಳು. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಮೊದಲ ಸಲ ಸಿಸ್ಟರ್ ಮಾಡಿಟ್ಟ ಕಾರ್ಡುಗಳನ್ನು ನೋಡಿದಾಗ ನನಗೆ ತಲೆ ಚಿಟ್ಟು ಹಿಡಿಯಿತು. ಕೆಲವು ಪ್ರಶ್ನೆಗಳ ಮುಂದೆ 'ಹೌದು', ಕೆಲವುಗಳ ಮುಂದೆ 'ಇಲ್ಲ'. ಉಳಿದ ಕಡೆ ಒಂದೊಂದೇ ಅಕ್ಷರ. ಗೊ, ಹೇ, ಕೇ.

"ಏನ್ರಿ ಸಿಸ್ಟರ್ ಇದು?" ಎಂದೆ.

"ಎಲ್ಲಿಯೋಳಮ್ಮ ನೀನು? ಏನ್ರಿ ಅಂತೀಯ, ಜಗಳಕ್ಕೆ ಬಂದಂಗೆ," ಎಂದರು. ಆಮೇಲೆ ಕಾರ್ಡನ್ನು ನನ್ನ ಕಡೆ ತಿರುಗಿಸಿದರು. "ಗೊ ಅಂದ್ರೆ ಗೊತ್ತಿಲ್ಲ. ಅವಳಿಗೇ ಗೊತ್ತಿಲ್ಲ. ತಾಯಿ ಚಿಕ್ಕೋಳಿದ್ದಾಗಲೇ ಸತ್ತಿರ್ತಾಳೆ, ಯಾತಕ್ಕೆ ಸತ್ಲು ಅಂತ ಯಾರೂ ಹೇಳಿರಲ್ಲ. ಹೇ ಅಂದ್ರೆ ಹೇಳಲಿಲ್ಲ. ಗೊತ್ತಿದೆ, ಆದ್ರೆ ಹೇಳಲಿಲ್ಲ."

"ಹೇಳಲಿಲ್ಲ ಅಂತ ನಿಮಗ ಹ್ಯಾಂಗ ಗೊತ್ತಾಗ್ತದ್ರಿ?"

"ನಲವತ್ತು ವರ್ಷ ಹೆಂಗಸರ ಮುಖ ನೋಡಿದ್ದೀನಿ. ಪಕ್ಕದಲ್ಲಿ ಅತ್ತೆ ಕೂತಿರ್ತಾಳೆ. ಇಲ್ಲ ಅನ್ನೋಕೆ ಮುಂಚೆ ಅತ್ತೆ ಕಡೆ ನೋಡಿದ್ರೆ ಅದು ಇಲ್ಲ ಅಲ್ಲ. ತಾಯಿಗೆ ಕ್ಯಾನ್ಸರ್ ಇತ್ತು ಅಂದ್ರೆ ನಾಳೆ ಮಗಳ ಮದುವೆ ನಿಂತೋಗುತ್ತೆ. ಹೆಂಗೆ ಹೇಳ್ತಾಳೆ?"

"ಮತ್ತ ಕೇ?"

ಸಿಸ್ಟರ್ ಕಾರ್ಡನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು. "ಕೇಳಲಿಲ್ಲ. ಅದು ನಂದು ತಪ್ಪು. ಜನ ಜಾಸ್ತಿ ಇದ್ರು, ಇಲ್ಲಾ ಡಾಕ್ಟರು ಅವಸರ ಮಾಡಿದ್ರು, ನಾನು ಕೇಳಲಿಲ್ಲ. ಕೇಳ್ದೇನೇ ಇಲ್ಲ ಅಂತ ಬರೆಯೋಕಾಗುತ್ತಾ?"

ತಾನು ಕೇಳಲಿಲ್ಲ ಎಂದು ತಾನೇ ಬರೆದಿಡುವ ಮನುಷ್ಯರನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನಮ್ಮ ಪುಸ್ತಕಗಳು ಉದ್ದುದ್ದ ಹೆಸರಿಟ್ಟು ವಿಂಗಡಿಸುವ ಸಂಗತಿಯನ್ನು ಅವರು ಮೂರು ಅಕ್ಷರದಲ್ಲಿ ಮಾಡಿ ಮುಗಿಸಿದ್ದರು. ಅವತ್ತು ಬಸ್ಸಿನಲ್ಲಿ ಹೊಸ ತಿಪ್ಪಸಂದ್ರದ ಮನೆಗೆ ಬರುತ್ತ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಆ ಖುಷಿಯನ್ನು ಹಿಡಿದುಕೊಂಡು ಏನು ಮಾಡಿದೆ ಎಂಬುದು ಬೇರೆ ಮಾತು.

ಅತ್ತೆಯರನ್ನು ಹೊರಗೆ ಕಳಿಸಲು ಸಿಸ್ಟರ್ ಒಂದು ಉಪಾಯ ಮಾಡಿಕೊಂಡಿದ್ದರು. ಕಾರಿಡಾರಿನ ಕೊನೆಯಲ್ಲಿ ಒಂದು ತೂಕದ ಮೆಷಿನ್ ಇತ್ತು. "ಅಮ್ಮಾ, ನಿಮ್ಮ ತೂಕ ನೋಡ್ಬೇಕು, ಹೋಗಿ ನಿಂತ್ಕೊಳ್ಳಿ, ನಾನು ಬರೋವರೆಗೂ ಇಳೀಬೇಡಿ," ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದರು. ಮೆಷಿನ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಅದರ ಮೇಲೆ ಅಲುಗಾಡದೆ ನಿಂತಿರುವಾಗ ಒಳಗೆ ಸೊಸೆಯ ಬಾಯಲ್ಲಿ ಆರೂ ಪ್ರಶ್ನೆಗೆ ಉತ್ತರ ಬಂದುಬಿಡುತ್ತಿತ್ತು. ಕೆಲವು ಅತ್ತೆಯರು ಹೋಗುತ್ತಿರಲಿಲ್ಲ. ಆಗ ಕಾರ್ಡಿನ ಮೇಲೆ 'ಹೇ' ಬೀಳುತ್ತಿತ್ತು.

ಶಿಬಿರದ ಉದ್ಘಾಟನೆಯ ಕಥೆಯನ್ನು ಅವರೇ ಹೇಳಿದ್ದು. ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರು ಮುಖ್ಯ ಅತಿಥಿಯಾಗಿ ಬಂದಿದ್ದರಂತೆ. ಮೊದಲ ಕಾರ್ಡನ್ನು ಕ್ಯಾಮೆರಾ ಎದುರು ಅವರ ಕೈಯಲ್ಲೇ ಮಾಡಿಸಬೇಕು ಎಂಬುದು ನಮ್ಮ ಕಂಪನಿಯವರ ಆಸೆ. ಫೋಟೋ ಎಂದ ತಕ್ಷಣ ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಹಿಂದೆ ಸರಿದರು. ಕೊನೆಗೆ ಸಿಸ್ಟರನ್ನೇ ಕುರ್ಚಿಯಲ್ಲಿ ಕೂರಿಸಿದರು. "ಡಾಕ್ಟರು ನಗ್ತಾನೇ ಇದ್ರು ಕಣಮ್ಮ. ನನ್ನ ಕಡೆ ಅಲ್ಲ, ಫೋಟೋ ತೆಗೆಯೋನ ಕಡೆ. ಕಾರ್ಡು ನಾನೇ ತುಂಬ್ಕೊಂಡೆ," ಎಂದು ಅವರು ನಕ್ಕರು. ಆ ಮೊದಲ ಕಾರ್ಡನ್ನು ಕಂಪನಿಯವರು ಗಾಜಿನ ಚೌಕಟ್ಟು ಹಾಕಿಸಿ ಇಂದಿರಾನಗರದ ಆಫೀಸಿನ ಬಾಗಿಲ ಪಕ್ಕ ತೂಗುಹಾಕಿದ್ದರು. ನಾನು ದಿನಾ ಅದರ ಮುಂದೆಯೇ ಒಳಗೆ ಹೋಗುತ್ತಿದ್ದೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಆಫೀಸಿಗೆ ತಂದು ಕಂಪ್ಯೂಟರಿಗೆ ಏರಿಸಿ ವಾಪಸ್ ಕಳಿಸುತ್ತಿದ್ದರು. ಏರಿಸುವ ಕೆಲಸಕ್ಕೆ ಒಬ್ಬ ಹೆಂಗಸು ಇದ್ದಳು. ದಾವಣಗೆರೆ ಕಡೆಯವಳು, ಎರಡು ಮಕ್ಕಳ ತಾಯಿ, ಬಹಳ ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದವಳು. ಅಚ್ಚುಕಟ್ಟಾದ ಕೆಲಸ. ನಾನು ನೂರಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋದಲ್ಲಿ ಕೂತಿದ್ದಾಗ ಅವಳ ಫೋನ್ ಬಂತು.

"ಮೇಡಂ, ಕಾರ್ಡಲ್ಲಿ ಗೊ, ಹೇ, ಕೇ ಅಂತಿದೆ. ಇಲ್ಲಿ ಹೌದು, ಇಲ್ಲ ಎರಡೇ ಇರೋದು. ಖಾಲಿ ಬಿಟ್ರೆ ಕೆಂಪು ನಕ್ಷತ್ರ ತೋರಿಸ್ತಿದೆ, ಮುಂದಕ್ಕೆ ಬಿಡ್ತಿಲ್ಲ. ಏನ್ ಹಾಕ್ಲಿ?"

"ಏನವು?" ಎಂದೆ. ನನಗೆ ಗೊತ್ತಿತ್ತು. ಆದರೂ ಹಾಗೆ ಕೇಳಿದೆ. ಹೊತ್ತಾಗಿತ್ತು, ಹಸಿವಾಗಿತ್ತು.

"ಗೊತ್ತಿಲ್ಲ, ಹೇಳಲಿಲ್ಲ, ಕೇಳಲಿಲ್ಲ ಅಂತ ಕಾರ್ಡಿನ ಹಿಂದೆ ಬರೆದಿದ್ದಾರೆ ಮೇಡಂ."

"ಅಂದ್ರ ಮಾಹಿತಿ ಇಲ್ಲ ಅಂತಾತಲ್ಲ. ಇಲ್ಲ ಅಂತನ ಹಾಕ್ರಿ."

"ಹೌದಲ್ವಾ ಮೇಡಂ, ಮೂರರಲ್ಲೂ ಕೊನೇಲಿ 'ಇಲ್ಲ'ನೇ ಇದೆ," ಎಂದು ಅವಳು ನಕ್ಕಳು. ನಾನೂ ನಕ್ಕೆ.

ಕನ್ನಡದಲ್ಲಿ ಸಲೀಸಾಗಿ ಆಗುವ ತಪ್ಪು ಅದು. ಮಾಹಿತಿ ಇಲ್ಲದ್ದೂ ಇಲ್ಲ, ಕಾಯಿಲೆ ಇಲ್ಲದ್ದೂ ಇಲ್ಲ. ಸಾಯಂಕಾಲ ಆಫೀಸಿಗೆ ಹೋಗಿ ಮತ್ತೆ ನೋಡಿದರಾಯಿತು ಎಂದುಕೊಂಡೆ. ನೋಡಲಿಲ್ಲ. ಮಾಡೆಲಿಗೆ ಆ 'ಇಲ್ಲ'ಗಳೆಲ್ಲ ಸೊನ್ನೆಯಾಗಿ ಹೋದವು. ಬಾಯಿ ಬಿಡಲಾಗದೆ ಕೂತಿದ್ದ ಹೆಂಗಸರೆಲ್ಲ ನಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ಆರೋಗ್ಯವಂತರಾದರು. ಅವರಿಗೆಲ್ಲ ಐದು ವರ್ಷದ ನಂತರದ ದಿನಾಂಕ ಬಿತ್ತು. ಶಿಬಿರಕ್ಕೆ ಹಣ ಕೊಡುವವರ ಎದುರು ಮಾಡೆಲ್ ತೋರಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಕರೆಯಬೇಕಾದವರ ಪಟ್ಟಿ ಅಷ್ಟು ಚಿಕ್ಕದಾಗಿದ್ದದ್ದು ಅವರಿಗೆ ಬಹಳ ಇಷ್ಟವಾಗಿತ್ತು.

ಮುಂದಿನ ವರ್ಷದ ಪಟ್ಟಿ ಧರ್ಮಾಸ್ಪತ್ರೆಗೆ ಹೋದ ಮೂರನೇ ದಿನ ಸಿಸ್ಟರ್ ನಮ್ಮ ಆಫೀಸಿಗೆ ಬಂದರು. ಫೋನಿಲ್ಲ, ಹೇಳಿಕಳಿಸಿದ್ದಿಲ್ಲ. ವೈರ್ ಬುಟ್ಟಿಯಲ್ಲಿ ಒಂದು ಕಟ್ಟು ಕಾರ್ಡು ಇಟ್ಟುಕೊಂಡು ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಬಂದಿದ್ದರು. ನಮ್ಮ ಮುಖ್ಯಸ್ಥರು ಅವರನ್ನು ಮೀಟಿಂಗ್ ಕೋಣೆಗೆ ಕರೆದು ಮೆಷಿನ್ನಿನ ಕಾಫಿ ಕೊಟ್ಟರು. ಮೂವತ್ತೈದರ ಪ್ರಾಯ, ಎಲ್ಲರಿಗೂ 'ಗುರು' ಎನ್ನುವ ಮನುಷ್ಯ. ಅವತ್ತು ಮಾತ್ರ 'ಅಮ್ಮಾ' ಎಂದರು.

ಸಿಸ್ಟರ್ ಕಾಫಿ ಮುಟ್ಟಲಿಲ್ಲ. ಒಂದು ಕಾರ್ಡು ಮೇಜಿನ ಮೇಲಿಟ್ಟರು. "ಇವಳು ನಮ್ಮ ಗಲ್ಲಿಯೋಳು. ಸ್ಕೂಲ್ ಯೂನಿಫಾರಂಗೆ ಗುಂಡಿ ಹಚ್ತಾಳೆ. ಎರಡು ಹೆಣ್ಣುಮಕ್ಕಳು. ಅವಳ ತಾಯಿ ಇದರಲ್ಲೇ ಹೋದ್ಲು, ಗಲ್ಲಿಗೆಲ್ಲಾ ಗೊತ್ತು. ಅತ್ತೆ ಕೂತಿದ್ಲು, ಹೇಳಲಿಲ್ಲ. ನಾನು ಹೇ ಅಂತ ಬರೆದೆ. ನಿಮ್ಮ ಕಂಪ್ಯೂಟರು ಐದು ವರ್ಷ ಬಿಟ್ಟು ಬಾ ಅಂತಿದೆ. ಖಾಲಿ ಇರೋ ಹೆಂಗಸು ಆರೋಗ್ಯವಾಗಿದ್ದಾಳೆ ಅಂತ ಅದಕ್ಕೆ ಯಾರು ಹೇಳಿದ್ರು?"

"ಅಮ್ಮಾ, ಮಾಡೆಲ್ ಫ್ರೀಜ್ ಆಗ್ಬಿಟ್ಟಿದೆ, ಈಗ ಬದಲಾಯಿಸೋಕಾಗಲ್ಲ," ಎಂದರು ಮುಖ್ಯಸ್ಥರು. "ಗೊತ್ತಿಲ್ದೇ ಇರೋರನ್ನೆಲ್ಲಾ ಕರೆದ್ರೆ ಪಟ್ಟಿ ಡಬಲ್ ಆಗುತ್ತೆ. ಎಲ್ಲರನ್ನೂ ಕರೆಯೋದಾದ್ರೆ ಮಾಡೆಲ್ ಯಾಕೆ ಬೇಕು ಹೇಳಿ? ನೆಕ್ಸ್ಟ್ ವರ್ಷನ್‌ನಲ್ಲಿ ಖಂಡಿತ ನೋಡೋಣ."

"ಅಲ್ಲೀವರೆಗೂ ಇವಳು ಇರ್ತಾಳಾ?"

ಮುಖ್ಯಸ್ಥರು ತೆರೆದಿಟ್ಟಿದ್ದ ಪರದೆಯಲ್ಲಿ ಅವಳ ಹೆಸರಿನ ಮುಂದೆ 'ಇಲ್ಲ' ಎಂದಿತ್ತು. ಸಿಸ್ಟರ್ ಅದರ ಮೇಲೆ ಬೆರಳಿಟ್ಟರು. "ಆಯ್ತು. ಇದೊಂದು ಹೇಳಿ. ಈ ಇಲ್ಲ ಅಂತ ಹಾಕಿದ್ದು ಯಾರು?"

ಕೇಳಿದ್ದು ಮುಖ್ಯಸ್ಥರನ್ನು, ನೋಡಿದ್ದು ನನ್ನನ್ನು. ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿರುವವಳಂತೆ ತಲೆ ತಗ್ಗಿಸಿದೆ.

"ಡೇಟಾ ಎಂಟ್ರಿ ಲೆವೆಲ್‌ನಲ್ಲಿ ಆಗಿರೋದು ಅಮ್ಮಾ," ಎಂದರು ಮುಖ್ಯಸ್ಥರು. "ಆ್ಯಕ್ಷನ್ ತಗೋತೀವಿ."

ತೆಗೆದುಕೊಂಡರು. ದಾವಣಗೆರೆಯ ಹೆಂಗಸಿನ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು, ಮುಂದುವರಿಸಲಿಲ್ಲ. ಹೋಗುವ ದಿನ ಅವಳು ನನ್ನ ಮೇಜಿನ ಹತ್ತಿರ ಬಂದಳು. "ಮೇಡಂ, ನೀವೇ ಹೇಳಿದ್ರಲ್ವಾ?" ಎಂದಳು. ಜಗಳಕ್ಕೆ ಬಂದ ದನಿ ಅಲ್ಲ, ತನಗೇ ಮರೆತು ಹೋಗಿದೆಯೇನೋ ಎಂದು ಕೇಳುವ ದನಿ. "ನೆನಪಿಲ್ಲರಿ," ಎಂದೆ. ಅದರ ಕೊನೆಯಲ್ಲೂ 'ಇಲ್ಲ' ಇದೆ.

ಸಿಸ್ಟರ್ ನಮ್ಮ ಮುಂದಿನ ವರ್ಷನ್ ಬರಲಿ ಎಂದು ಕಾಯಲಿಲ್ಲ. ಧರ್ಮಾಸ್ಪತ್ರೆಯ ಬೀರುವಿನಲ್ಲಿದ್ದ ಕಾರ್ಡುಗಳನ್ನೆಲ್ಲ ಹೊರಗೆ ತೆಗೆದು, ಒಂದೊಂದಾಗಿ ಮಗುಚಿ, ಗೊ, ಹೇ, ಕೇ ಇದ್ದವನ್ನು ಬೇರೆ ಮಾಡಿ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಕಂಪ್ಯೂಟರಿಗೆ ಬೇಡವಾದವರ ಪಟ್ಟಿ ಅದು. ಕೆಲಸ ಮುಗಿದ ಮೇಲೆ ದಿನಾ ಒಂದೆರಡು ಗಂಟೆ ಗಲ್ಲಿ ಗಲ್ಲಿ ಅಲೆದು ಆ ಹೆಂಗಸರನ್ನು ಹುಡುಕಿ ಕರೆಯತೊಡಗಿದರು. ಶನಿವಾರಗಳಂದು ನಾನೂ ಜೊತೆಗೆ ಹೋಗುತ್ತಿದ್ದೆ. ಪ್ರಾಯಶ್ಚಿತ್ತ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಾಯಿ ಬಿಟ್ಟು ಒಂದು ಮಾತು ಹೇಳುವುದಕ್ಕಿಂತ ಬಿಸಿಲಲ್ಲಿ ನಡೆಯುವುದು ಸುಲಭ.

ಆ ಓಡಾಟದಲ್ಲಿ ಸಿಸ್ಟರನ್ನು ನೋಡಬೇಕಿತ್ತು. ಕೋಳಿ ಅಂಗಡಿಯವನಿಂದ ಹಿಡಿದು ಬುರ್ಖಾ ಹೊಲಿಯುವವನ ತನಕ ಎಲ್ಲರ ಮೇಲೂ ಒಂದೇ ದರ್ಪ. ಮನೆ ಬದಲಾಯಿಸಿದ ಹೆಂಗಸಿನ ಹೊಸ ವಿಳಾಸ ಹೇಳುವ ತನಕ ಅಂಗಡಿ ಬಾಗಿಲಿನಿಂದ ಅಲುಗಾಡುತ್ತಿರಲಿಲ್ಲ. ಯಾರ ಮನೆಯಲ್ಲೂ ಕ್ಯಾನ್ಸರ್ ಎನ್ನುತ್ತಿರಲಿಲ್ಲ. "ನಿನ್ನ ಕಾರ್ಡಲ್ಲಿ ಅಕ್ಷರ ಸರಿಯಾಗಿ ಬಿದ್ದಿಲ್ಲ, ಬಂದು ಇನ್ನೊಂದ್ಸಲ ಬರೆಸು," ಎನ್ನುತ್ತಿದ್ದರು. ತಪ್ಪು ತಮ್ಮದೇ ಎಂಬಂತೆ ಹೇಳಿದರೆ ಹೆಂಗಸರು ಬರುತ್ತಿದ್ದರು. ಗುಂಡಿ ಹಚ್ಚುವವಳೂ ಹಾಗೇ ಬಂದಳು. ಒಂದು ಗಂಟು ಸಿಕ್ಕಿತು. ಚಿಕ್ಕದಿತ್ತು. ಆಪರೇಷನ್ ಆಯಿತು, ಬದುಕಿಕೊಂಡಳು. ಎಷ್ಟೋ ಜನ ಸಿಗಲೂ ಇಲ್ಲ. ಬಾಡಿಗೆ ಏರಿ ಗಲ್ಲಿ ಬಿಟ್ಟು ಹೋಗಿದ್ದರು. ಅವರ ಹೆಸರಿನ ಮುಂದೆ ಸಿಸ್ಟರ್ ಮತ್ತೆ 'ಗೊ' ಎಂದು ಬರೆದುಕೊಳ್ಳುತ್ತಿದ್ದರು.

ಒಂದು ಶನಿವಾರ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆವು. ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ ಸಿಸ್ಟರ್ ಕೇಳಿದರು: "ನೀನು ಮಾಡಿಸ್ಕೊಂಡಿದ್ದೀಯೇನಮ್ಮ ಟೆಸ್ಟು?"

"ನನಗಿನ್ನೂ ವಯಸ್ಸೆಲ್ಲಿ ಆಗೇದ್ರಿ ಸಿಸ್ಟರ್," ಎಂದು ಜಾರಿಕೊಂಡೆ.

"ನಿಂಗೂ ಒಂದು ಕಾರ್ಡು ಮಾಡಿಟ್ಟಿದ್ದೀನಿ."

"ಏನ್ ಬರದೀರಿ ಅದರಾಗ?"

ಅವರು ಗ್ಲಾಸಿನಲ್ಲಿ ಉಳಿದಿದ್ದ ಚಹಾವನ್ನು ರಸ್ತೆಗೆ ಚೆಲ್ಲಿದರು. "ಹೇ," ಎಂದರು.

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವರು ನಗಲಿಲ್ಲ. ಟೆಸ್ಟಿನ ಮಾತಲ್ಲ ಅದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೀಟಿಂಗ್ ಕೋಣೆಯಲ್ಲಿ ಅವರು ನನ್ನ ಮುಖ ಓದಿಬಿಟ್ಟಿದ್ದರು. ಆದರೂ ನನ್ನ ಬಾಯಿ ಬಿಡಿಸಲು ಹೋಗಲಿಲ್ಲ. ನನಗೆ ಯಾವ ಅತ್ತೆಯೂ ಪಕ್ಕದಲ್ಲಿ ಕೂತಿರಲಿಲ್ಲ, ಹೇಳಬಹುದಿತ್ತು. ಅಷ್ಟರಲ್ಲಿ ಅವರ ಬಸ್ಸು ಬಂತು. ಮುಂದಿನ ವಾರ ಹೇಳೋಣ ಎಂದುಕೊಂಡೆ.

ಆಮೇಲೆ ನನಗೆ ಬಡ್ತಿ ಸಿಕ್ಕಿತು. ಶನಿವಾರಗಳೂ ಆಫೀಸಿನ ಪಾಲಾದವು. ಆ ಹೊತ್ತಿಗೆ ಸಿಸ್ಟರಿಗೆ ಎಡಗೈ ಎತ್ತಲು ಕಷ್ಟವಾಗುತ್ತಿತ್ತು, ಬುಟ್ಟಿ ಯಾವಾಗಲೂ ಬಲಗೈಯಲ್ಲೇ ಇರುತ್ತಿತ್ತು. ನಾನು ಗಮನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ. ಭುಜದ ನೋವಿರಬೇಕು, ವಯಸ್ಸಾಯಿತಲ್ಲ ಎಂದುಕೊಂಡು ಒಂದು ಸಲ ನೋವಿನ ಮುಲಾಮು ತೆಗೆದುಕೊಂಡು ಹೋಗಿ ಕೊಟ್ಟಿದ್ದೆ. "ಒಳ್ಳೇದಮ್ಮ," ಎಂದು ಬುಟ್ಟಿಗೆ ಹಾಕಿಕೊಂಡಿದ್ದರು. ಏನಾಗಿದೆ ಎಂದು ನಾನು ಕೇಳಲಿಲ್ಲ.

ಅವರಿಗೂ ಅದೇ ಕಾಯಿಲೆ ಎಂದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಸುದ್ದಿಯ ಜೊತೆಗೆ.

ಕೆ.ಆರ್.ಪುರಂ ಆಚೆಯ ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಅವತ್ತು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ, ನಡುವೆ ಹತ್ತಿಪ್ಪತ್ತು ಹಳೆಯ ಮನೆಗಳ ಒಂದು ಬೀದಿ ಉಳಿದುಕೊಂಡಿದೆ. ನಡುಮನೆಯ ಗೋಡೆಯಲ್ಲಿ ಬುದ್ಧನ ಚಿತ್ರ. ಬಿಳಿ ಬಟ್ಟೆ ತೊಟ್ಟ ಬೀದಿಯವರು ಸಾಲಾಗಿ ಕೂತು ಬುದ್ಧ ವಂದನೆ ಹೇಳುತ್ತಿದ್ದರು. ಇಷ್ಟು ವರ್ಷ ಜೊತೆಗೆ ಓಡಾಡಿಯೂ ಅವರು ಬೌದ್ಧರು ಎಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದೂ ಗೊತ್ತಿರಲಿಲ್ಲ. ಅವರ ಅಕ್ಕನ ಮಗಳು ನನ್ನನ್ನು ಒಳಗೆ ಕರೆದು ಕೂರಿಸಿದಳು.

"ನಮ್ಮಜ್ಜಿಗೂ ಇದೇ ಆಗಿದ್ದು ಮೇಡಂ. ನಮ್ಮಮ್ಮನೂ ಇದರಲ್ಲೇ ಹೋದ್ರು," ಎಂದಳು. "ಚಿಕ್ಕಮ್ಮನಿಗೆ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು."

"ಅವರಿಗ ಗೊತ್ತಿತ್ತಲ್ರಿ ಇದೆಲ್ಲಾ. ಮೊದಲ ಯಾಕ ತೋರಿಸ್ಕೊಳ್ಳಲಿಲ್ಲ?"

"ಊರಿಗೆಲ್ಲಾ ಕೇಳ್ತಿದ್ದೋರು ಅವರು. ಅವರನ್ನ ಯಾರ್ ಕೇಳ್ತಾರೆ?"

ತಾಯಿಗೂ ಅಕ್ಕನಿಗೂ ಇದ್ದದ್ದು ತನಗೂ ಇದ್ದುಬಿಟ್ಟರೆ ಎಂದು ಅವರೂ ಹೆದರಿದ್ದರೇ? ಮೂರು ಭಾಷೆಯಲ್ಲಿ ಹೆದರಬೇಡಿ ಎನ್ನುತ್ತಿದ್ದವರಿಗೆ ಯಾರಾದರೂ ಆ ಮಾತು ಹೇಳಬೇಕಿತ್ತೇ? ಇದಕ್ಕೆ ನನ್ನ ಉತ್ತರ 'ಗೊ'. ಮುಂದೆಂದೂ ಗೊತ್ತಾಗುವುದೂ ಇಲ್ಲ.

ಹೊರಗೆ ಅಂಗಳದಲ್ಲಿ ಗುಂಡಿ ಹಚ್ಚುವ ಹೆಂಗಸು ನಿಂತಿದ್ದಳು. ಎರಡು ಬಸ್ಸು ಬದಲಾಯಿಸಿ ಶಿವಾಜಿನಗರದಿಂದ ಬಂದಿದ್ದಳು. ದೊಡ್ಡ ಮಗಳ ಮದುವೆಯಾಯಿತಂತೆ. ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು.

"ನಮ್ಗೆ ಸಿಸ್ಟರ್ ಮನೆಗೇ ಬಂದು ಕರ್ದ್ರು," ಎಂದಳು. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. "ಸಿಸ್ಟರ್‌ಗೆ ಯಾರ್ ಕರ್ದ್ರು ಮೇಡಂ?"

ಅವಳ ಮುಖ ನೋಡಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು ನಿಂತೆ.

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಆ ಗಾಜಿನ ಚೌಕಟ್ಟಿನ ಮುಂದೆ ನಿಂತೆ. ಅಷ್ಟು ವರ್ಷ ಅದರ ಪಕ್ಕದಲ್ಲೇ ಹಾದುಹೋಗಿದ್ದೆ, ಒಂದು ದಿನವೂ ಓದಿರಲಿಲ್ಲ. ಕಾರ್ಡ್ ನಂಬರ್ ಒಂದು. ಸಿಸ್ಟರ್ ಹೆಸರು, ಸಿಸ್ಟರ್ ಅಕ್ಷರ. ಆರು ಪ್ರಶ್ನೆ. ಆರರ ಮುಂದೆಯೂ ಒಂದೇ ಅಕ್ಷರ, ದುಂಡಗೆ, ಗಟ್ಟಿಯಾಗಿ ಒತ್ತಿ ಬರೆದದ್ದು. ಕೇ, ಕೇ, ಕೇ, ಕೇ, ಕೇ, ಕೇ.

ಫೋಟೋ ತೆಗೆಯುವವನ ಕಡೆ ನಗುತ್ತಿದ್ದ ಡಾಕ್ಟರು ಒಂದನ್ನೂ ಕೇಳಿರಲಿಲ್ಲ. ಸಿಸ್ಟರ್ ತಮ್ಮ ಉತ್ತರವನ್ನು ತಾವೇ ಬರೆದುಕೊಳ್ಳಬಹುದಿತ್ತು, ಬರೆಯಲಿಲ್ಲ. ಯಾರಾದರೂ ಕೇಳಿದ ಮೇಲೆ ಬರೆಯುವುದು ಅವರ ಕ್ರಮ. ಒಳಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿದೆ. ನಾನು ಆಟೋದಲ್ಲಿ ಕೂತು ಹೇಳಿದ ಹಾಗೆಯೇ ಆರೂ ಕಡೆ 'ಇಲ್ಲ' ಎಂದಿತ್ತು. ಮುಂದಿನ ತಪಾಸಣೆಗೆ ಐದು ವರ್ಷ. ಆ ದಿನ ಬರಲು ಇನ್ನೂ ಎಂಟು ತಿಂಗಳಿದೆ. ಆರರಲ್ಲಿ ಎರಡಕ್ಕೆ 'ಹೌದು' ಎಂದಿದ್ದರೂ ಸಾಕಿತ್ತು, ನಮ್ಮ ಮಾಡೆಲ್ ಅವರನ್ನು ಮರುವರ್ಷವೇ ಕರೆಯುತ್ತಿತ್ತು. ಅವರು ಕೈಯಾರೆ ಮಾಡಿದ ಪಟ್ಟಿಯಲ್ಲೂ ಅವರಿರಲಿಲ್ಲ. ಆ ಪಟ್ಟಿ ಬೀರುವಿನಲ್ಲಿದ್ದ ಕಾರ್ಡುಗಳದ್ದು. ಇದೊಂದನ್ನು ನಾವು ಗಾಜು ಹಾಕಿಸಿ ಗೋಡೆಗೆ ಮೊಳೆ ಹೊಡೆದಿದ್ದೆವು.

ಚೌಕಟ್ಟಿನ ಪಕ್ಕದಲ್ಲಿ ಈಗ ಅವರ ಫೋಟೋ ಇಟ್ಟು ಹೂವಿನ ಹಾರ ಹಾಕಿದ್ದಾರೆ. ಮುಖ್ಯಸ್ಥರು ಅದರ ಮುಂದೆ ನಿಂತು ಎರಡು ಮಾತಾಡಿದರು, ಇಂಗ್ಲಿಷಿನಲ್ಲಿ. ಸಿಸ್ಟರ್ ನಮ್ಮ ಮಾಡೆಲಿನ ಆತ್ಮ ಅಂತೆ.

ಫಾರ್ಮ್ ಎದುರಿಗಿದೆ. ಇವತ್ತು ಕೊನೆಯ ದಿನ. ಹುಟ್ಟೂರು ಗೊತ್ತು ಎಂದುಕೊಂಡಿದ್ದೆ, ಆದರೆ ಅದು ಅವರು ಹುಟ್ಟಿದ ಊರೋ ಸೇರಿದ ಊರೋ ಗೊತ್ತಿಲ್ಲ. 'ಕೇ' ಎಂದು ಬರೆದೆ. ಓದು, ಕೇ. ಮನೆಯವರು, ಕೇ. ಅಕ್ಕನ ಮಗಳ ಹೆಸರನ್ನೂ ನಾನು ಕೇಳಿಕೊಂಡು ಬಂದಿರಲಿಲ್ಲ. ಹವ್ಯಾಸ, ಕೇ. ಫಾರ್ಮ್ ತಕರಾರಿಲ್ಲದೆ ಮುಂದಕ್ಕೆ ಹೋಗುತ್ತಿದೆ. ಕೆಂಪು ನಕ್ಷತ್ರಕ್ಕೆ ಏನಾದರೊಂದು ಬಿದ್ದರೆ ಸಾಕು.

ಅವರು ಹೇಳುತ್ತಿದ್ದ ಒಂದು ಮಾತು ಎಂಬಲ್ಲಿ ಬಹಳ ಹೊತ್ತು ನಿಂತೆ. ಹೆದರಬೇಡಿ ಎಂಬುದನ್ನು ಹಾಕಿದರೆ ಪತ್ರಿಕೆಯವರಿಗೆ ಬಹಳ ಇಷ್ಟವಾಗುತ್ತದೆ, ಮೂರು ಭಾಷೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡುತ್ತಾರೆ. ಅದನ್ನು ಹಾಕಲಿಲ್ಲ. ನನ್ನ ಎದುರು ಅವರು ಕೇಳಿದ್ದ, ನಾನು ಉತ್ತರ ಕೊಡದ ಮಾತನ್ನು ಇದ್ದ ಹಾಗೆಯೇ ಬರೆದೆ: 'ಈ ಇಲ್ಲ ಅಂತ ಹಾಕಿದ್ದು ಯಾರು?'

ಅದರ ಕೆಳಗೆ ಇನ್ನೊಂದೇ ಖಾನೆ ಇತ್ತು. ಹೆಸರು. ನನ್ನ ಹೆಸರು ಬರೆದೆ.